ನೀಲಿ ಬಣ್ಣದ ಕೆಳಗೆ: ಕೊಡಗಿನ ಒಂದು ಮನೆಯ ಮರದ ಸ್ವರೂಪ

ಕಳೆದ ವರ್ಷ ಫೆಬ್ರವರಿ ಕೊನೆಯಲ್ಲಿ ವಿರಾಜಪೇಟೆ–ಅಮ್ಮತ್ತಿ ಕಡೆಯ ಒಂದು ತೋಟದ ಮನೆಯಿಂದ ಫೋನ್ ಬಂತು. ಮಾತಾಡಿದವರು ಆ ಮನೆಯ ಸೊಸೆ. “ಸರ್, ನಮ್ಮಲ್ಲಿ ಒಂದು ಹಳೇ ಮರದ ಸ್ವರೂಪ ಇದೆ. ಗೋವಾ ಕ್ಯಾಥೆಡ್ರಲ್‌ನದ್ದು ಅಂತಾರೆ. ಎರಡು ವಾರದಿಂದ ಕೆಳಗೆ ಹಿಟ್ಟು ಬೀಳ್ತಾ ಇದೆ.” ಸ್ವರೂಪ ಎಂದರೆ ಕ್ರೈಸ್ತರು ಪೂಜಿಸುವ ಪ್ರತಿಮೆ; ಅಂಥ ಹಳೇ ಮರದ ಕೆಲಸವನ್ನು ಉಳಿಸಿಕೊಡುವುದು ನನ್ನ ಕಸುಬು. ಕ್ಯಾಥೆಡ್ರಲ್ ಮಾತಿಗಿಂತ ಹಿಟ್ಟಿನ ಮಾತೇ ನನ್ನನ್ನು ಎಬ್ಬಿಸಿತು. ಹಳೇ ಮರದಿಂದ ಹಿಟ್ಟು ಉದುರುತ್ತಿದೆ ಎಂದರೆ ಒಳಗೆ ಹುಳು ಈಗಲೂ ಜೀವಂತವಾಗಿದೆ ಎಂದರ್ಥ. ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಒಂದು ತಿಂಗಳು ಕಾಯಬಹುದು, ಹುಳು ಕಾಯುವುದಿಲ್ಲ.

ಮೈಸೂರಿನಿಂದ ಹೊರಟು ಮರುದಿನ ಮಧ್ಯಾಹ್ನ ಅಲ್ಲಿದ್ದೆ. ಕಣದಲ್ಲಿ ರೋಬಸ್ಟಾ ಹರಡಿತ್ತು, ಇಬ್ಬರು ಹೆಂಗಸರು ಅದನ್ನು ಕಾಲಲ್ಲಿ ಗೆರೆ ಎಳೆದು ತಿರುವುತ್ತಿದ್ದರು. ಮನೆಯವರು ಮಂಗಳೂರು ಕಡೆಯ ಕ್ಯಾಥೊಲಿಕರು. ಮೂರು ತಲೆಮಾರಿನ ಹಿಂದೆ ಒಬ್ಬರು ಇಲ್ಲಿನ ಬಿಳಿಯರ ತೋಟಕ್ಕೆ ರೈಟರ್ (ಲೆಕ್ಕ ಬರೆಯುವವರು) ಆಗಿ ಬಂದವರು, ಆಮೇಲೆ ಸ್ವಂತಕ್ಕೆ ಹತ್ತು ಎಕರೆ ಮಾಡಿಕೊಂಡು ಇಲ್ಲೇ ನಿಂತರು. ಮನೆಯೊಳಗೆ ಕೊಂಕಣಿ, ಹೊರಗೆ ಕನ್ನಡ. ಹಜಾರದ ಮೂಲೆಯಲ್ಲಿ ಮನೆಯ ಅಲ್ತಾರು, ಅಂದರೆ ಪ್ರಾರ್ಥನೆಯ ಪೀಠ, ಅದರ ನಡುವೆ ಸ್ವರೂಪ.

ಎತ್ತರ ಪೀಠ ಬಿಟ್ಟು 71 ಸೆಂಟಿಮೀಟರ್. ನಿಂತಿರುವ ಹೆಣ್ಣು. ತಲೆಯಿಂದ ಪಾದದವರೆಗೆ ಹೊಳೆಯುವ ಆಕಾಶನೀಲಿ ಎನಾಮಲ್ ಮೇಲುಹೊದಿಕೆ, ಒಳಗೆ ಬಿಳಿ ನಿಲುವಂಗಿ, ಗುಲಾಬಿ ಕೆನ್ನೆ. ಬಲಗೈ ಮುಷ್ಟಿಯಲ್ಲಿ ಜಪಮಾಲೆ ತೂಗುತ್ತಿತ್ತು. ಎಡಗೈ ಮಣಿಕಟ್ಟಿನಿಂದ ಇರಲಿಲ್ಲ. ಕಾಲ ಬಳಿ ಕಂದುಬಣ್ಣದ ಒಂದು ಉಬ್ಬು, ಅದರ ಪಕ್ಕ ಅರ್ಧಚಂದ್ರದಂಥ ಒಂದು ತುಂಡು. ಮನೆಯವರಿಗೆ ಇದು ಅಮಲೋದ್ಭವ ಮಾತೆ, ಅಂದರೆ ಪಾಪದ ಸೋಂಕಿಲ್ಲದೆ ಹುಟ್ಟಿದ ಮರಿಯಮ್ಮ: ಕಾಲಡಿ ಹಾವು, ಹಾವಿನ ಪಕ್ಕ ಚಂದ್ರ. ಅಜ್ಜಿಗೆ ಎಂಬತ್ತೊಂಬತ್ತು ವರ್ಷ. ಮದುವೆಯಾಗಿ ಈ ಮನೆ ಸೇರಿದ ದಿನದಿಂದ ಇದರ ಮುಂದೆ ತೇರ್ಸು (ಜಪಮಾಲೆಯ ಪ್ರಾರ್ಥನೆ) ಹೇಳುತ್ತಾ ಬಂದವರು. ನಾನು ಚೀಲದಿಂದ ಟಾರ್ಚ್ ತೆಗೆದ ಕೂಡಲೇ ಅವರು ಹೇಳಿದ ಮೊದಲ ಮಾತು: “ನೋಡು ಮಗಾ, ಕೆರೆಯೋದು ಬೇಡ.”

ಕೆರೆಯುವ ಮಾತು ಅವರಿಗೆ ಸುಮ್ಮನೆ ಬಂದದ್ದಲ್ಲ. ನಾಲ್ಕು ತಿಂಗಳ ಹಿಂದೆ ಹಳೇ ಸಾಮಾನು ಕೊಳ್ಳುವ ಒಬ್ಬ ವ್ಯಾಪಾರಿ ಬಂದು ಫೋಟೊ ತೆಗೆದುಕೊಂಡು ಹೋಗಿದ್ದ. ಆಮೇಲೆ ವಾಟ್ಸಾಪಿನಲ್ಲಿ ಒಂದು ಬೆಲೆ ಹೇಳಿ, ಜೊತೆಗೆ ಒಂದು ಸಲಹೆಯನ್ನೂ ಕೊಟ್ಟಿದ್ದ: ಕಾಸ್ಟಿಕ್ ಸೋಡಾ ನೀರು ಹಚ್ಚಿ ಬಣ್ಣವೆಲ್ಲ ಕಿತ್ತು, ಬರೀ ಮರ ಕಾಣುವಂತೆ ಮಾಡಿ ಪಾಲಿಶ್ ಹೊಡೆಸಿದರೆ ಇನ್ನೂ ಹೆಚ್ಚು ಸಿಗುತ್ತದೆ ಎಂದು. ಮನೆಯ ಮಗನಿಗೆ ಆ ಮಾತು ಅರ್ಧ ಹಿಡಿಸಿತ್ತು. ಎರಡು ವರ್ಷದ ಅಕಾಲ ಮಳೆಯಲ್ಲಿ ಕಾಳುಮೆಣಸು ಕೈಕೊಟ್ಟ ಮನೆಯವರು ಹಾಗೆ ಯೋಚಿಸಿದರೆ ನಾನು ದೂರುವುದಿಲ್ಲ. ಆದರೆ ಆ ಸಲಹೆಯನ್ನು ಮಾತ್ರ ನಾನು ದೂರುತ್ತೇನೆ. ಕ್ಷಾರದ ನೀರು ಬಣ್ಣ ಬಿಡಿಸಿ ಅಲ್ಲಿಗೇ ನಿಲ್ಲುವುದಿಲ್ಲ. ಬಣ್ಣದ ಕೆಳಗಿನ ಅಂಟನ್ನು ಕರಗಿಸುತ್ತದೆ, ಮರದ ನಾರನ್ನು ಸಡಿಲಿಸುತ್ತದೆ, ಉಳಿಯ ಗುರುತನ್ನು ಅಳಿಸುತ್ತದೆ. ಉಳಿಯುವುದು ಬೋಳು ಮರ. ಬೋಳು ಮರದ ಸಂತರನ್ನು ಈ ಕಡೆಯ ಹಿಂದಿನವರು ಸಾಮಾನ್ಯವಾಗಿ ಮಾಡುತ್ತಿರಲಿಲ್ಲ. ಕೆತ್ತುವವನ ಕೆಲಸ ಮುಗಿದ ಮೇಲೆ ಬಣ್ಣ ಬಳಿಯುವವನ, ಚಿನ್ನದ ರೇಕು ಹಚ್ಚುವವನ ಕೈಗೆ ಹೋಗಿ, ಅಲ್ಲಿ ಸ್ವರೂಪ ಪೂರ್ತಿಯಾಗುತ್ತಿತ್ತು.

ಹೀಗೆ ಮನೆಯಲ್ಲಿ ಮೂರು ಬೇಡಿಕೆ. ಸೊಸೆಗೆ ಹುಳು ನಿಲ್ಲಬೇಕು. ಮಗನಿಗೆ ಇದು ಕ್ಯಾಥೆಡ್ರಲ್‌ನದ್ದು ಹೌದೋ ಅಲ್ಲವೋ ತಿಳಿಯಬೇಕು. ಅಜ್ಜಿಗೆ ಯಾರೂ ಮುಟ್ಟಬಾರದು.

ಹಿಂಬದಿ

ಇಂಥ ಕೆಲಸಕ್ಕೆ ಹೋದಾಗ ನಾನು ಮೊದಲು ಮುಖ ನೋಡುವುದಿಲ್ಲ. ಮುಖವನ್ನು ಎಲ್ಲರೂ ತೊಳೆದಿರುತ್ತಾರೆ, ಮುತ್ತಿಟ್ಟಿರುತ್ತಾರೆ, ಹಬ್ಬಕ್ಕೊಮ್ಮೆ ಬಣ್ಣ ಬಳಿದಿರುತ್ತಾರೆ. ಹಿಂಬದಿಗೆ ಯಾರೂ ಏನೂ ಮಾಡಿರುವುದಿಲ್ಲ. ಅಜ್ಜಿ ಒಪ್ಪಿದ ಮೇಲೆ ಮಗ, ನಾನು ಸೇರಿ ಎರಡು ದಿಂಬಿನ ಮೇಲೆ ಸ್ವರೂಪವನ್ನು ಕವುಚಿ ಮಲಗಿಸಿದೆವು.

ಬೆನ್ನು ಕಪ್ಪಗೆ ಮಿರುಗುತ್ತಿತ್ತು. ಗೇರೆಣ್ಣೆ. ಕರಾವಳಿಯಲ್ಲಿ ಗೆದ್ದಲು ಬಾರದಿರಲಿ ಎಂದು ತೊಲೆಗೆ, ದೋಣಿಗೆ ಬಳಿಯುವ ಎಣ್ಣೆ. ಯಾರೋ ಅಕ್ಕರೆಯಿಂದಲೇ ಬಳಿದಿದ್ದರು. ಆ ಕಪ್ಪಿನ ಕೆಳಗೆ ಬೆನ್ನು ತೊಟ್ಟಿಯ ಹಾಗೆ ಟೊಳ್ಳಾಗಿತ್ತು, ಭುಜದಿಂದ ಮೊಣಕಾಲಿನವರೆಗೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಬಾಚಿಯ ಏಟು ಒಂದೊಂದೂ ಮೀನಿನ ಹುರುಪೆಯಂತೆ ಎದ್ದು ಕಂಡಿತು. ಮರದ ತಿರುಳನ್ನು ಹೀಗೆ ತೋಡಿ ತೆಗೆಯುವುದು ತೂಕ ಇಳಿಸುವುದಕ್ಕೆ ಮಾತ್ರವಲ್ಲ. ದಿಮ್ಮಿ ಒಣಗುವಾಗ ಸುತ್ತಳತೆಯ ಕಡೆಗೆ ಹೆಚ್ಚು ಕುಗ್ಗುತ್ತದೆ, ನಡುವಿನ ಕಡೆಗೆ ಕಡಿಮೆ. ತಿರುಳು ಒಳಗೇ ಉಳಿದರೆ ಆ ಜಗ್ಗಾಟದಲ್ಲಿ ಮರ ಎದೆಯ ಮೇಲೆ ಸೀಳುತ್ತದೆ. ತಿರುಳು ತೆಗೆದರೆ ಮರಕ್ಕೆ ಮಿಸುಕಲು ಜಾಗ ಸಿಗುತ್ತದೆ. ಹೀಗೆ ಮಾಡಬೇಕೆಂದು ಗೊತ್ತಿದ್ದವನು ಕಸುಬುದಾರ. ಹಿಂಬದಿ ಯಾರಿಗೂ ಕಾಣಬಾರದು ಎಂದೂ ಅವನಿಗೆ ಗೊತ್ತಿತ್ತು. ಅಂದರೆ ಇದು ಗೋಡೆಗೋ ಗೂಡಿಗೋ ಬೆನ್ನು ಕೊಟ್ಟು ನಿಲ್ಲಲೆಂದು ಮಾಡಿದ್ದು, ಮೆರವಣಿಗೆಯಲ್ಲಿ ಹೊರಲು ಮಾಡಿದ್ದಲ್ಲ.

ಎರಡು ಭುಜಗಳ ನಡುವೆ ಒಂದು ಕಬ್ಬಿಣದ ಬಳೆ, ಚೌಕಾಕಾರದ ಮೊಳೆಯಿಂದ ಬಡಿದದ್ದು. ಕುಲುಮೆಯಲ್ಲಿ ಕೈಯಿಂದ ಬಡಿದು ಮಾಡಿದ ಮೊಳೆ. ಪೀಠದ ಹತ್ತಿರ ಎರಡು ದುಂಡು ತಂತಿಮೊಳೆಗಳೂ ಇದ್ದವು, ಆ ಬಗೆಯವು ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಪೀಠವನ್ನು ಒಮ್ಮೆ ರಿಪೇರಿ ಮಾಡಿದ್ದಾರೆ ಎಂದು ಅವೇ ಹೇಳುತ್ತವೆ. ಬಳೆಯ ಕೆಳಗೆ, ಗೇರೆಣ್ಣೆ ತೆಳ್ಳಗಿದ್ದ ಕಡೆ, ಉಳಿಯಿಂದ ಕಡಿದ ನಾಲ್ಕು ನೇರ ಗೀಟುಗಳು ಸಾಲಾಗಿದ್ದವು. ಮಗ ಅದನ್ನು ಗೀರು ಎಂದುಕೊಂಡಿದ್ದ. ನನಗೆ ಅದು ಎಣಿಕೆ. ಹಲವು ಗೂಡುಗಳಿರುವ ದೊಡ್ಡ ಬಲಿಪೀಠಕ್ಕೆ ಸ್ವರೂಪಗಳನ್ನು ಕೆತ್ತಿ ಜೋಡಿಸುವಾಗ ಯಾವುದು ಎಲ್ಲಿಗೆ ಎಂದು ಬಡಗಿಗಳು ಇಂಥ ಗುರುತು ಹಾಕುತ್ತಾರೆ. ನಮ್ಮ ಕಡೆ ತೇರು ಬಿಚ್ಚಿ ಕಟ್ಟುವವರೂ ಹಾಗೇ ಗೀಟು ಹಾಕುತ್ತಾರೆ. ಇದಕ್ಕೆ ಕಡೇಪಕ್ಷ ಮೂರು ಜೊತೆಗಾರರು ಇದ್ದಿರಬೇಕು.

ಮರ ತೇಗ. ಪೀಠದ ತಳದಿಂದ ಎದ್ದಿದ್ದ ಒಂದು ಸಿಬಿರನ್ನು ತೆಗೆದು ಅಡ್ಡಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ವರ್ಷದ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲು, ಬೆರಳಿಗೆ ಎಣ್ಣೆಯ ಜಿಡ್ಡು, ಹಳೇ ಚರ್ಮದ ವಾಸನೆ. ಇಷ್ಟಾದರೆ ನನಗೆ ಸಾಕು. ಅನುಮಾನವಿದ್ದಾಗ ಬೆಂಗಳೂರು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಚೂರು ಕಳಿಸಿ ಗುರುತು ಹಿಡಿಸಬಹುದು.

ತೇಗಕ್ಕೆ ಕುಟ್ಟೆ ಹಿಡಿಯುತ್ತದೆಯೇ ಎಂದು ಮಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ತೇಗದ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಮರಕ್ಕೆ, ಹಿಡಿಯುವುದಿಲ್ಲ, ತೊಗಟೆಯ ಒತ್ತಿನ ಬಿಳಿ ಭಾಗಕ್ಕೆ ಹಿಡಿಯುತ್ತದೆ. ಅದರಲ್ಲಿ ಪಿಷ್ಟ ಇರುತ್ತದೆ, ಹುಳುವಿಗೆ ಬೇಕಾದದ್ದು ಅದೇ. ಈ ಸ್ವರೂಪದ ಎಡಬದಿಯ ಸೆರಗಿನ ಮಡಿಕೆಯಲ್ಲಿ ಮೂರು ಬೆರಳಿನಷ್ಟು ಅಗಲದ ಬಿಳಿಮರದ ಪಟ್ಟಿ ಇತ್ತು. ಒಂದೂವರೆ ಮಿಲಿಮೀಟರಿನ ದುಂಡು ತೂತುಗಳೆಲ್ಲ ಅಲ್ಲೇ. ಮಗ ಕಾಫಿಯ ಬಿಳಿ ಕಾಂಡಕೊರಕವನ್ನು ಬಲ್ಲವನು, ಅದೇ ಹುಳು ತೋಟದಿಂದ ಮನೆಗೆ ಬಂತೇನೋ ಎಂದು ಹೆದರಿದ್ದ. ಅದು ಹಸಿ ಅರೇಬಿಕಾ ಗಿಡಕ್ಕೆ ಬೀಳುವ ಹುಳು, ಇದು ಒಣಮರಕ್ಕೆ ಬೀಳುವುದು. ತೂತಿನಿಂದ ಬಿದ್ದ ಹಿಟ್ಟನ್ನು ಉಗುರಿನ ಮೇಲೆ ಹಾಕಿ ಉಜ್ಜಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾಗಿತ್ತು. ಕುಟ್ಟೆಯ ಗುರುತು ಅದೇ.

ಕತೆ

ಸಂಜೆ ಕಾಫಿ ಕುಡಿಯುವಾಗ ಮನೆಯ ಕತೆ ಕೇಳಿದೆ. ಮಗ ಹೇಳಿದ್ದು ಹೀಗೆ: ಗೋವಾದ ಕ್ಯಾಥೆಡ್ರಲ್ ಕುಸಿದು ಬಿತ್ತು, ಒಳಗಿದ್ದ ಸ್ವರೂಪಗಳನ್ನು ಜನ ಹೊತ್ತೊಯ್ದರು, ಅದರಲ್ಲಿ ಒಂದು ನಮ್ಮ ಮುತ್ತಜ್ಜಿಯ ತವರಿಗೆ ಬಂತು, ಅವಳ ಜೊತೆ ಇಲ್ಲಿಗೆ ಬಂತು. ವ್ಯಾಪಾರಿಯದ್ದು ಬೇರೆ ಕತೆ: ಇದು ಮಡಿಕೇರಿ ಕೋಟೆಯೊಳಗಿನ ಇಂಗ್ಲಿಷರ ಚರ್ಚಿನದ್ದು. ನೆಂಟರೊಬ್ಬರು ಟಿಪ್ಪು ಕಾಲದಲ್ಲಿ ಬಂದದ್ದು ಎನ್ನುತ್ತಿದ್ದರಂತೆ.

ಕೊನೆಯ ಎರಡನ್ನು ಬೇಗ ಬಿಡಿಸಬಹುದು. ಮಡಿಕೇರಿ ಕೋಟೆಯ ಸಂತ ಮಾರ್ಕರ ಚರ್ಚು, ಈಗ ಸರಕಾರಿ ವಸ್ತುಸಂಗ್ರಹಾಲಯ ಇರುವ ಕಟ್ಟಡ, 1850ರ ದಶಕದಲ್ಲಿ ಎದ್ದ ಆಂಗ್ಲಿಕನ್ ಚರ್ಚು. ಚಿನ್ನದ ರೇಕಿನ ಸಂತರನ್ನು ಗೂಡಿನಲ್ಲಿ ನಿಲ್ಲಿಸುವ ಪದ್ಧತಿ ಅವರದ್ದಲ್ಲ. ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದು ಕಟ್ಟಿದ ಬಾಸೆಲ್ ಮಿಶನ್ನಿನವರದ್ದೂ ಅಲ್ಲ. ಕೊಡಗಿನಲ್ಲಿ ಕ್ಯಾಥೊಲಿಕರ ಹಳೇ ನೆಲೆ ವಿರಾಜಪೇಟೆಯ ಸಂತ ಅನ್ನಮ್ಮನ ದೇವಾಲಯ. 1784ರಲ್ಲಿ ಟಿಪ್ಪು ಕರಾವಳಿಯ ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಮೇಲೆ ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ದೊಡ್ಡವೀರರಾಜೇಂದ್ರ ಆಸರೆ ಕೊಟ್ಟು, 1792ರಲ್ಲಿ ಜಾಗ ಕೊಟ್ಟ. ಆದರೆ ಈ ಮನೆಯವರು ಬಂದದ್ದು ಅದಕ್ಕಿಂತ ಬಹಳ ಈಚೆಗೆ, ರೈಟರ್ ಕೆಲಸಕ್ಕೆ. ಪ್ರಾಣ ಉಳಿಸಿಕೊಂಡು ಕಾಡು ಹತ್ತಿದವರ ಕತೆಗೆ ತಮ್ಮ ಮನೆಯ ಸ್ವರೂಪವನ್ನು ಯಾರೋ ಪ್ರೀತಿಯಿಂದ ಸೇರಿಸಿದ್ದಾರೆ.

ಗೋವಾದ ಕತೆ ಹಾಗಲ್ಲ, ಅದರಲ್ಲಿ ಹುರುಳಿದೆ. ಹಳೇ ಗೋವಾದ ಸೆ ಕ್ಯಾಥೆಡ್ರಲ್ ಕುಸಿದು ಬಿದ್ದಿಲ್ಲ. 1562ರಲ್ಲಿ ಶುರುವಾಗಿ 1619ರಲ್ಲಿ ಮುಗಿದ ಆ ಕಟ್ಟಡ ಇವತ್ತೂ ನಿಂತಿದೆ. ಬಿದ್ದದ್ದು ಅದರ ಒಂದು ಗೋಪುರ ಮಾತ್ರ, 1776ರಲ್ಲಿ. ನಿಜವಾಗಿ ಕುಸಿದದ್ದು ಹತ್ತಿರದ ಗುಡ್ಡದ ಸಂತ ಅಗಸ್ಟೀನರ ಇಗರ್ಜಿ (ಚರ್ಚು). ಪೋರ್ಚುಗೀಸ್ ಸರಕಾರ 1835ರಲ್ಲಿ ಗೋವೆಯ ಸನ್ಯಾಸಿ ಮಠಗಳನ್ನು ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡಿತು. ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಅಗಸ್ಟೀನರ ಇಗರ್ಜಿಯ ಮಾಳಿಗೆ ಇಳಿಯಿತು. ಮುಂಗೋಡೆ ಬಿದ್ದದ್ದು 1931ರಲ್ಲಿ. ಈಗ ಅಲ್ಲಿ ಉಳಿದಿರುವುದು ಕೆಂಪು ಮುರಕಲ್ಲಿನ ಅರ್ಧ ಗೋಪುರ. ಮುಚ್ಚಿದ ಮಠಗಳ ಬಲಿಪೀಠಗಳು, ಗಂಟೆಗಳು, ಸ್ವರೂಪಗಳು ಬೇರೆ ಬೇರೆ ಕಡೆಗೆ ಚದುರಿದವು. ಅಗಸ್ಟೀನರ ಗಂಟೆ ಇವತ್ತು ಬಾರಿಸುವುದು ಪಣಜಿಯ ಇಗರ್ಜಿಯಲ್ಲಿ. ಹಾಗಾಗಿ ‘ಗೋವಾದಲ್ಲಿ ಕುಸಿಯಿತು, ಸ್ವರೂಪ ಹೊರಗೆ ಬಂತು’ ಎನ್ನುವುದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ. ‘ಕ್ಯಾಥೆಡ್ರಲ್’ ಎನ್ನುವ ಪದ ಮಾತ್ರ ನನಗೆ ಚುಚ್ಚುತ್ತಿತ್ತು.

ಅಜ್ಜಿಯನ್ನೇ ಕೇಳಿದೆ, ನಿಮ್ಮ ಅತ್ತೆ ಏನೆಂದು ಹೇಳುತ್ತಿದ್ದರು ಎಂದು. ಅವರು ಕಣ್ಣುಮುಚ್ಚಿ ನೆನೆದು ಹೇಳಿದರು: “ಗೋಂಯಾಂತ್ಲಿ, ದೊಡ್ಡ ಇಗರ್ಜಿದು ಅಂತಿದ್ರು.” ಗೋಂಯಾಂತ್ಲಿ ಎಂದರೆ ಗೋವೆಯದ್ದು. ದೊಡ್ಡ ಇಗರ್ಜಿ. ಅಷ್ಟೇ. ಅದನ್ನು ಕ್ಯಾಥೆಡ್ರಲ್ ಮಾಡಿದ್ದು ಮಡಿಕೇರಿಯ ಕಾಲೇಜಿನಲ್ಲಿ ಓದಿದ ಮೊಮ್ಮಗನ ತಲೆಮಾರು. ಬಿಷಪ್ಪರ ಪೀಠವಿದ್ದರೆ ಮಾತ್ರ ಕ್ಯಾಥೆಡ್ರಲ್. ದೊಡ್ಡ ಇಗರ್ಜಿ ಎಂದರೆ ಹೇಳುವವರ ಊರಿನ ಯಾವುದೇ ದೊಡ್ಡ ಗುಡಿ. ಮನೆಯ ವಸ್ತುವಿನ ಮೂಲ ಹುಡುಕುವವರು ಮನೆಯವರು ಅನುವಾದ ಮಾಡಿದ ಮಾತನ್ನು ಬಿಟ್ಟು, ಮೊದಲು ಹೇಳಿದ ಮಾತನ್ನು, ಹೇಳಿದ ಭಾಷೆಯಲ್ಲೇ ಬರೆದುಕೊಳ್ಳಬೇಕು. ಆ ಸಂಜೆ ನನ್ನ ಪುಸ್ತಕದಲ್ಲಿ ಅಜ್ಜಿಯ ಮಾತನ್ನು ಹಾಗೇ ಬರೆದುಕೊಂಡೆ.

ಮುಷ್ಟಿಯ ತೂತು

ಎರಡನೇ ಸಲ ಹೋದದ್ದು ಮಾರ್ಚ್ ಮಧ್ಯದಲ್ಲಿ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯ ಪರಿಮಳ. ಈ ಸಲ ಮುಂಬದಿಯ ಕೆಲಸ. ಜಪಮಾಲೆಯನ್ನು ಅಜ್ಜಿಯೇ ತೆಗೆದುಕೊಟ್ಟರು.

ಮಾಲೆ ತೆಗೆದ ಮೇಲೆ ಬಲಮುಷ್ಟಿಯ ನಡುವೆ ಒಂದು ತೂತು ಕಂಡಿತು. ಒಂಬತ್ತು ಮಿಲಿಮೀಟರ್ ವ್ಯಾಸ, ಮೇಲಿನಿಂದ ಕೆಳಕ್ಕೆ ಓರೆಯಾಗಿ ಪೂರ್ತಿ ಹಾಯ್ದಿತ್ತು. ಒಳಗೆ ಮುರಿದ ಮರದ ಕಡ್ಡಿಯ ತುದಿ ಸಿಕ್ಕಿಕೊಂಡಿತ್ತು. ಅಮಲೋದ್ಭವ ಮಾತೆಯ ಕೈಗಳು ಜೋಡಿಸಿರುತ್ತವೆ ಇಲ್ಲವೇ ಎದೆಯ ಮೇಲೆ ಮಡಿಚಿರುತ್ತವೆ. ಮುಷ್ಟಿ ಬಿಗಿದ ಮಾತೆಯನ್ನು ನಾನು ಕಂಡಿಲ್ಲ. ಈ ಮುಷ್ಟಿ ಏನನ್ನೋ ಹಿಡಿದಿತ್ತು.

ಚಂದ್ರನ ಬಳಿ ಬಂದೆ. ಹೊರ ಅಂಚಿನಲ್ಲಿ ಎರಡು ಮೊಟಕು ಹಲ್ಲುಗಳು, ಎನಾಮಲ್ ತುಂಬಿ ದುಂಡಾಗಿದ್ದವು. ಚಂದ್ರನಿಗೆ ಹಲ್ಲಿರುವುದಿಲ್ಲ. ಒಳಬದಿಯಲ್ಲಿ ಒಂದು ಅಡ್ಡಕಡ್ಡಿಯ ಬುಡ, ಗಾಡಿ ಚಕ್ರದ ಅರೆಕಾಲಿನ ಹಾಗೆ. ಇನ್ನು ಕಂದು ಉಬ್ಬು. ಅದರ ಮೇಲಿನ ಬಣ್ಣ ಬಿಸಿಲಿಗೆ ಬಿರಿದು ಒಂದು ಕಡೆ ಚಿಪ್ಪಿನಂತೆ ಎದ್ದಿತ್ತು. ಆ ಚಿಪ್ಪನ್ನು ಕಡ್ಡಿಯ ತುದಿಯಿಂದ ಎತ್ತಿ ಹಿಡಿದು ಒಳಗೆ ಇಣುಕಿದೆ. ಒಂದು ಕಣ್ಣು ನನ್ನನ್ನು ನೋಡುತ್ತಿತ್ತು. ಕಪ್ಪು ಗೆರೆಯ ರೆಪ್ಪೆ, ಕೆಂಪಗಿನ ಮೂಲೆ. ಅದರ ಮೇಲೆ ಕಿರೀಟದ ಅಂಚು. ಸೊಸೆ ಭೂತಗನ್ನಡಿ ಹಿಡಿದು ಎಷ್ಟೋ ಹೊತ್ತು ಮಾತಾಡಲಿಲ್ಲ. ಹಾವು ಎಂದುಕೊಂಡದ್ದು ಒಬ್ಬ ಗಡ್ಡದ ರಾಜನ ತಲೆ.

ಮುರಿದ ಹಲ್ಲುಚಕ್ರ, ಕತ್ತಿ ಹಿಡಿದ ಮುಷ್ಟಿ, ಪಾದದಡಿ ಕಿರೀಟದ ತಲೆ. ಈ ಮೂರೂ ಒಟ್ಟಿಗೆ ಸೇರುವುದು ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳಲ್ಲಿ. ಚಕ್ರಕ್ಕೆ ಕಟ್ಟಿ ಕೊಲ್ಲಲು ಹೋದಾಗ ಚಕ್ರವೇ ಮುರಿಯಿತು, ಕೊನೆಗೆ ಕತ್ತಿಯಿಂದ ತಲೆ ಕಡಿದರು ಎಂಬುದು ಅವಳ ಕತೆ. ಕಾಲಡಿ ಇರುವವನು ಅವಳನ್ನು ಹಿಂಸಿಸಿದ ಚಕ್ರವರ್ತಿ.

ಮಗನ ಮುಖ ಅರಳಿತು. ಸೆ ಕ್ಯಾಥೆಡ್ರಲ್ ಸಂತ ಕ್ಯಾಥರೀನಳಿಗೇ ಅರ್ಪಿತವಾದದ್ದು ಎಂದು ಅವನು ಆಗಲೇ ಮೊಬೈಲಿನಲ್ಲಿ ಓದಿದ್ದ. ನಿಜ. ಅಫೊನ್ಸೊ ದ ಅಲ್ಬುಕರ್ಕ್ 1510ರ ನವೆಂಬರ್ 25ರಂದು ಗೋವೆ ಹಿಡಿದ, ಆ ದಿನ ಅವಳ ಹಬ್ಬ, ಅದಕ್ಕೇ ಅವಳ ಹೆಸರು. ಆದರೆ ಇದೇ ಕಾರಣಕ್ಕೆ ಅವಳು ಒಂದು ಗುಡಿಯ ಸಂತಳಾಗಿ ಉಳಿಯಲಿಲ್ಲ, ಗೋವೆಗೇ ಸೇರಿದವಳಾದಳು. ಬೇರೆ ಇಗರ್ಜಿಗಳ ಬದಿಯ ಬಲಿಪೀಠಗಳಲ್ಲೂ ಅವಳು ನಿಲ್ಲಬಹುದಿತ್ತು. ಕ್ಯಾಥೆಡ್ರಲ್‌ನ ಮುಖ್ಯ ಬಲಿಪೀಠದಲ್ಲಿ ಅವಳ ಬದುಕಿನ ದೃಶ್ಯಗಳನ್ನು ಚಿನ್ನದ ರೇಕಿನ ದೊಡ್ಡ ಫಲಕಗಳಲ್ಲಿ ಕೆತ್ತಿದ್ದಾರೆ, ಅವು ಇಂದಿಗೂ ಅಲ್ಲೇ ಇವೆ. 71 ಸೆಂಟಿಮೀಟರಿನ ಸ್ವರೂಪ ಆ ಎತ್ತರದ ಬಲಿಪೀಠದಲ್ಲಿ ನೆಲದಿಂದ ಕಾಣಿಸುವುದೂ ಕಷ್ಟ. ನನ್ನ ತೀರ್ಮಾನವನ್ನು ಮಗನಿಗೆ ಬರೆದೇ ಕೊಟ್ಟೆ: ಗೋವೆಯ ಕಡೆಯ ಕೆಲಸ, ಹಲವು ಗೂಡುಗಳ ಬಲಿಪೀಠದ್ದು, ಅಂದರೆ ಇಗರ್ಜಿಯದ್ದು, ಮನೆಯದ್ದಲ್ಲ. ಕ್ಯಾಥೆಡ್ರಲ್‌ನದ್ದು ಎಂದು ಈ ಮರದಲ್ಲಿ ಎಲ್ಲೂ ಬರೆದಿಲ್ಲ.

ಕೆತ್ತಿದವನ ಬಗ್ಗೆ ಒಂದು ಮಾತು. ಕಿರೀಟದ ಅಂಚಿನಲ್ಲಿ ಸಾಲಾಗಿ ತಾವರೆಯ ಎಸಳು, ನಮ್ಮ ದೇವಸ್ಥಾನದ ಪೀಠದಲ್ಲಿ ಕಾಣುವಂಥದ್ದೇ. ಸೆರಗಿನ ಮಡಿಕೆಗಳು ಗಾಳಿಗೆ ಹಾರುವುದಿಲ್ಲ, ಸೀರೆಯ ನೆರಿಗೆಯಂತೆ ಒತ್ತೊತ್ತಾಗಿ ಇಳಿಯುತ್ತವೆ. ಕ್ರೈಸ್ತ ಸ್ವರೂಪಗಳನ್ನು ಹಿಂದೂ ಶಿಲ್ಪಿಗಳಿಂದ ಮಾಡಿಸಬಾರದೆಂದು 1567ರ ಗೋವಾ ಧರ್ಮಸಭೆ ಕಟ್ಟಳೆ ಮಾಡಿತ್ತು. ಮಾಡಿಸದಿದ್ದರೆ ಕಟ್ಟಳೆಯ ಅಗತ್ಯವೇ ಬರುತ್ತಿರಲಿಲ್ಲ. ಗೋವೆಯ ಇಗರ್ಜಿಗಳ ಪ್ರವಚನ ಪೀಠಗಳ ಕೆಳಗೆ ನಾಗಿಣಿಯರು ಹೆಗಲು ಕೊಟ್ಟು ನಿಂತಿರುವುದನ್ನು ಕಂಡವರಿಗೆ ಆ ಉಳಿ ಯಾವ ಮನೆತನದ್ದು ಎಂದು ಹೇಳಬೇಕಿಲ್ಲ. ಈ ತಾವರೆ ಎಸಳಿನ ಮೇಲೆ ಬೆರಳಾಡಿಸುವಾಗ ನನಗೆ ಸಂಬಂಧಿಕರೊಬ್ಬರನ್ನು ಕಂಡಷ್ಟು ಹಿಗ್ಗಾಯಿತು.

ಅಜ್ಜಿ

ಹೇಳುವುದೋ ಬೇಡವೋ ಎಂದು ಸೊಸೆ ಒಂದು ದಿನ ಯೋಚಿಸಿದರು. ಎಪ್ಪತ್ತು ವರ್ಷ ಮರಿಯಮ್ಮ ಎಂದು ಕರೆದವರಿಗೆ ಇವಳು ಬೇರೆ ಎಂದು ಹೇಗೆ ಹೇಳುವುದು? ಕೊನೆಗೆ ಸೊಸೆಯೇ ಕೂತು ಕೊಂಕಣಿಯಲ್ಲಿ ನಿಧಾನವಾಗಿ ಹೇಳಿದರು. ಅಜ್ಜಿ ಕೇಳಿದ ಪ್ರಶ್ನೆ ನಾನು ಎಣಿಸಿರದದ್ದು. “ಹಾಗಾದ್ರೆ ಅವಳ ಕೈಯಲ್ಲಿದ್ದ ಕತ್ತಿ ಎಲ್ಲಿ ಹೋಯ್ತು?”

ನೀಲಿ ಯಾರು ಬಳಿದರು ಎಂಬುದೂ ಅಜ್ಜಿಯಿಂದಲೇ ತಿಳಿಯಿತು. ಅವರ ಗಂಡ, ಮೊದಲ ಮಗು ಉಳಿದ ಹರಕೆಗೆ. ಅದಕ್ಕೂ ಮೊದಲು ಹಸಿರು ಇತ್ತಂತೆ. ಹಸಿರು ಸೀರೆಯ ಮೂಕಮುಖದ ಹೆಂಗಸೊಬ್ಬಳ ಕಾಲಡಿ ಹಾವು, ಚಂದ್ರ ಕಂಡವರು ಮರಿಯಮ್ಮ ಎಂದು ತಿಳಿದದ್ದರಲ್ಲಿ ತಪ್ಪಿಲ್ಲ. 1858ರಲ್ಲಿ ಲೂರ್ದಿನ ದರ್ಶನವಾದ ಮೇಲೆ ಬಿಳಿ ನಿಲುವಂಗಿ, ನೀಲಿ ನಡುಪಟ್ಟಿಯ ಮಾತೆ ಊರೂರಿಗೆ ಹೋದಳು. ಆ ಚಿತ್ರವನ್ನು ಕ್ಯಾಲೆಂಡರಿನಲ್ಲಿ ಕಂಡವನ ಕುಂಚ ಇದು.

ನಾನು ಎಡ ಪಾದದ ಪಕ್ಕ, ಸೆರಗಿನ ಅಂಚಿನಲ್ಲಿ, ಅಂಚೆಚೀಟಿಯಷ್ಟು ಅಗಲ ಮಾತ್ರ ಬಿಡಿಸಿ ನೋಡಲು ಅಪ್ಪಣೆ ಕೇಳಿದೆ. ಅಜ್ಜಿ ಕೊಟ್ಟರು, ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಹತ್ತಿಯ ಉಂಡೆಯನ್ನು ಕಡ್ಡಿಗೆ ಸುತ್ತಿ ದ್ರಾವಕ ಮುಟ್ಟಿಸಿ ಉರುಳಿಸುವುದು, ಮೆತ್ತಗಾದ ಬಣ್ಣವನ್ನು ಶಸ್ತ್ರಚಿಕಿತ್ಸೆಯ ಚಾಕುವಿನಿಂದ ಎತ್ತುವುದು, ಭೂತಗನ್ನಡಿಯಲ್ಲಿ ನೋಡುವುದು. ಐದು ಗಂಟೆ ಹಿಡಿಯಿತು. ನೀಲಿ ಎನಾಮಲ್ ಎರಡು ಪದರ. ಅದರಡಿ ಹಸಿರು ಎಣ್ಣೆಬಣ್ಣ. ಅದರಡಿ ಮೇಣದ ಹೊಗೆಯ ಕಪ್ಪು. ಆಮೇಲೆ ದಾಳಿಂಬೆಯ ಕೆಂಪು, ಅದರಲ್ಲಿ ಚೂಪು ಕಡ್ಡಿಯಿಂದ ಗೀರಿದ ಬಳ್ಳಿ. ಗೀರಿದಲ್ಲೆಲ್ಲ ಕೆಳಗಿನ ಚಿನ್ನ ಹೊಳೆಯಿತು. ಮೊದಲು ಬಿಳಿ ಸುಣ್ಣಮಣ್ಣಿನ ಲೇಪ, ಅದರ ಮೇಲೆ ಕೆಂಪು ಜೇಡಿ, ಜೇಡಿಯ ಮೇಲೆ ಚಿನ್ನದ ರೇಕು, ರೇಕಿನ ಮೇಲೆ ಬಣ್ಣ, ಬಣ್ಣ ಗೀರಿ ಚಿನ್ನ ಹೊರಗೆ. ಜರಿ ಸೀರೆಯ ಹೊಳಪನ್ನು ಮರದಲ್ಲಿ ತರುವ ಸ್ಪೇನ್–ಪೋರ್ಚುಗಲ್ಲಿನ ಕುಸುರಿ. ಅಜ್ಜಿ ಬಗ್ಗಿ ನೋಡಿ, “ಧರ್ಮಾವರಂ” ಅಂದರು.

ಮಗ ಆಗಲೇ ಪೂರ್ತಿ ಬಿಡಿಸೋಣ ಎಂದ. ನಾನು ಬೇಡವೆಂದೆ. ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ದೊಡ್ಡ ತೀರ್ಮಾನ ಇದೇ, ಇದನ್ನು ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ. ಅಂಚೆಚೀಟಿಯಷ್ಟಕ್ಕೆ ಐದು ಗಂಟೆಯಾದರೆ ಇಡೀ ಮೈಗೆ ವರ್ಷವೇ ಬೇಕು, ಕೆಳಗಿನ ಚಿನ್ನ ಎಲ್ಲ ಕಡೆ ಉಳಿದಿದೆ ಎಂಬ ಭರವಸೆಯೂ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ನೀಲಿ ಒಂದು ಮಗುವಿನ ಹರಕೆ. ಅದರ ಮುಂದೆ ಈಗಲೂ ಒಬ್ಬರು ದಿನಾ ಕೂರುತ್ತಾರೆ. ಕೆಂಪು ಸುರಕ್ಷಿತವಾಗಿ ನೀಲಿಯ ಕೆಳಗಿದೆ, ಇನ್ನೂ ಐವತ್ತು ವರ್ಷ ಅಲ್ಲೇ ಇರಬಲ್ಲದು. ಆಗಿನವರ ಕೈಯಲ್ಲಿ ನನಗಿಂತ ಒಳ್ಳೆಯ ಸಾಧನ ಇರುತ್ತದೆ. ಕಿತ್ತ ನೀಲಿಯನ್ನು ಮಾತ್ರ ಯಾರೂ ಮತ್ತೆ ಹಚ್ಚಲಾರರು.

ಕಾನೂನು

ಮಾರುವ ಮಾತು ಇದ್ದುದರಿಂದ ಇದನ್ನೂ ಮನೆಯವರಿಗೆ ವಿವರಿಸಿದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕೆತ್ತನೆ ಪುರಾವಸ್ತು. ನೋಂದಣಿ ಮಾಡಿಸಬೇಕಾದ ಪಟ್ಟಿಯಲ್ಲಿ ಮರದ ಕೆತ್ತನೆಯ ಆಕೃತಿಗಳೂ ಸೇರಿವೆ. ನೋಂದಣಿ ಮಾಡಿಸಿದರೆ ವಸ್ತು ಸರಕಾರದ ಪಾಲಾಗುತ್ತದೆ ಎಂಬ ಹೆದರಿಕೆ ಕೊಡಗಿನಲ್ಲಿ ಬಹಳ ಮನೆಗಳಲ್ಲಿದೆ, ಅದು ಸುಳ್ಳು. ಒಡೆತನ ಮನೆಯವರದ್ದೇ. ದೇಶದೊಳಗೆ ಮಾರಲೂಬಹುದು, ಒಡೆತನ ಬದಲಾದದ್ದನ್ನು ತಿಳಿಸಬೇಕು, ವ್ಯಾಪಾರ ಮಾಡುವವನ ಬಳಿ ಪರವಾನಗಿ ಇರಬೇಕು. ದೇಶದ ಹೊರಗೆ ಖಾಸಗಿಯವರು ಕಳಿಸುವಂತಿಲ್ಲ, ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಆ ವ್ಯಾಪಾರಿಗೆ ಮಗ ಪರವಾನಗಿಯ ಪ್ರತಿ ಕೇಳಿ ಸಂದೇಶ ಹಾಕಿದ. ಉತ್ತರ ಬರಲಿಲ್ಲ. ಫೋಟೊ, ಅಳತೆ, ಹಿಂಬದಿಯ ಗೀಟುಗಳ ಚಿತ್ರ ಸೇರಿಸಿ ನೋಂದಣಿ ಅರ್ಜಿಯನ್ನು ನಾವೇ ಕೂತು ತುಂಬಿದೆವು.

ಚಿಕಿತ್ಸೆ

ಹುಳು ಕೊಲ್ಲಲು ಆಚಾರಿಯೊಬ್ಬರು ಹಿಂದೆ ಸೀಮೆಎಣ್ಣೆ ಬಿಟ್ಟಿದ್ದರಂತೆ. ಅದು ಮೇಲಿನ ಹುಳುವಿಗೆ ತಾಗುತ್ತದೆ, ಒಳಗಿನ ಮರಿ ಉಳಿಯುತ್ತದೆ, ಬಣ್ಣದಡಿಯ ಲೇಪ ಮಾತ್ರ ಕೆಡುತ್ತದೆ. ನಾವು ಉಸಿರು ಕಟ್ಟಿಸುವ ದಾರಿ ಹಿಡಿದೆವು. ಗಾಳಿ ತೂರದ ಪದರಪದರದ ಹಾಳೆಯಲ್ಲಿ ಚೀಲ ಮಾಡಿ, ಒಳಗೆ ಸ್ವರೂಪ, ಆಮ್ಲಜನಕ ಹೀರುವ ಕಬ್ಬಿಣದ ಪುಡಿಯ ಪೊಟ್ಟಣಗಳು, ತೇವ ಒಂದೇ ಮಟ್ಟದಲ್ಲಿರಲು ಹದಮಾಡಿದ ಸಿಲಿಕಾ ಜೆಲ್ ಇಟ್ಟು, ಬಾಯನ್ನು ಬಿಸಿಯಿಂದ ಬೆಸೆದೆವು. ಒಳಗಿನ ಆಮ್ಲಜನಕ ಶೇಕಡಾ 0.3ಕ್ಕಿಂತ ಕೆಳಗಿಳಿದು ಹಾಗೇ ಇದ್ದರೆ ಮೊಟ್ಟೆಯೂ ಬದುಕುವುದಿಲ್ಲ. 25 ಡಿಗ್ರಿ ಮೇಲಿದ್ದರೆ ಮೂರ್ನಾಲ್ಕು ವಾರ ಸಾಕು, ತಂಪಿದ್ದರೆ ಹುಳು ಉಸಿರು ಕಡಿಮೆ ಮಾಡಿಕೊಂಡು ಹೆಚ್ಚು ದಿನ ತಾಳುತ್ತದೆ. ಅದಕ್ಕೇ ಏಪ್ರಿಲ್ ಆರಿಸಿದ್ದು, ಐದು ವಾರ ಬಿಟ್ಟದ್ದು. ಕಕ್ಕಡದ (ಜುಲೈ–ಆಗಸ್ಟ್) ಚಳಿಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಆ ಐದು ವಾರವೂ ಅಜ್ಜಿ ಚೀಲದ ಮುಂದೆಯೇ ತೇರ್ಸು ಹೇಳಿದರು.

ಮೇ ತಿಂಗಳಲ್ಲಿ ಚೀಲ ಬಿಚ್ಚಿ, ಸೆರಗಿನ ಬಿಳಿಮರಕ್ಕೆ ಹಿಂಬದಿಯ ತೂತುಗಳ ಮೂಲಕ ಸಿರಿಂಜಿನಲ್ಲಿ ಪ್ಯಾರಾಲಾಯ್ಡ್ ಬಿ-72 ಎಂಬ ರಾಳದ ತೆಳು ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆ. ಮುಂಬದಿಗೆ ಜಿನುಗಿದರೆ ಎನಾಮಲ್ ಮೆತ್ತಗಾಗುತ್ತದೆ, ಆದ್ದರಿಂದ ದಿನಕ್ಕೆ ಅಂಗೈಯಗಲ ಮಾತ್ರ. ಎದ್ದ ಚಿಪ್ಪುಗಳನ್ನು ತೆಳುಕಾಗದ ಹಾಕಿ, ಅಂಟು ಹಾಯಿಸಿ, ಕೂರಿಸಿದೆ. ರಾಜನ ಕಣ್ಣಿನ ಮೇಲಿನ ಚಿಪ್ಪನ್ನೂ ಮತ್ತೆ ಕೂರಿಸಿದೆ. ಅವನು ಈಗ ಮತ್ತೆ ಹಾವು.

ಬಣ್ಣ ಏಳುತ್ತಿದ್ದ ಕಾರಣವನ್ನು ಮಾತ್ರ ಔಷಧಿಯಿಂದ ಸರಿಪಡಿಸಲಾಗುವುದಿಲ್ಲ. ಮಳೆಗಾಲದಲ್ಲಿ ಈ ಮನೆಯ ಹಜಾರದ ಗಾಳಿಯ ತೇವ ಶೇಕಡಾ 90 ದಾಟುತ್ತದೆ. ಅಷ್ಟರಲ್ಲಿ ಮರ ತನ್ನ ಒಣತೂಕದ ಐದನೇ ಒಂದು ಪಾಲಿನಷ್ಟು ನೀರು ಕುಡಿದು ಉಬ್ಬುತ್ತದೆ. ಮಳೆ ನಿಂತ ಮೇಲೆ, ಕೊಡಗಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಮನೆಯವರು ಪ್ರತಿವರ್ಷ ಸ್ವರೂಪವನ್ನು ಕಣಕ್ಕೆ ತಂದು ಬಿಸಿಲಿಗೆ ಇಡುತ್ತಿದ್ದರು, ಬೂಸ್ಟು ಹೋಗಲಿ ಎಂದು. ಒಂದೇ ದಿನದಲ್ಲಿ ಮರ ಕುಗ್ಗುತ್ತದೆ, ಮೇಲಿನ ಸುಣ್ಣಮಣ್ಣಿನ ಲೇಪ ಕುಗ್ಗುವುದಿಲ್ಲ. ಲೇಪ ಎಲ್ಲಿಗೆ ಹೋಗಬೇಕು? ಮೇಲಕ್ಕೇಳುತ್ತದೆ, ಉದುರುತ್ತದೆ. ನೂರು ವರ್ಷದ ಹುಳುವಿಗಿಂತ ಈ ಬಿಸಿಲು ಹೆಚ್ಚು ಹಾನಿ ಮಾಡಿದೆ ಎಂದಾಗ ಸೊಸೆ ನೊಂದುಕೊಂಡರು. ಬೂಸ್ಟನ್ನು ಮೆತ್ತನೆಯ ಒಣ ಬ್ರಷ್ಷಿನಿಂದ, ನೆರಳಿನಲ್ಲಿ ತೆಗೆದರೆ ಸಾಕು. ಅಲ್ತಾರನ್ನು ಹೊರಗೋಡೆಯಿಂದ ಒಳಗೋಡೆಗೆ ಬದಲಿಸಿ, ಬೆನ್ನಿಗೆ ನಾಲ್ಕು ಬೆರಳು ಗಾಳಿ ಬಿಟ್ಟು, ಮೇಣದಬತ್ತಿಯನ್ನು ಒಂದು ಮೊಳ ದೂರ ಇಟ್ಟೆವು. ತೋಟದ ಸಿಲ್ವರ್ ಓಕಿನಲ್ಲಿ ಆಚಾರಿ ಹೊಸ ಪೀಠ ಮಾಡಿಕೊಟ್ಟರು. ಅದರ ಮೇಲೆ ಒಂದು ಕಪ್ಪು ಕಾಗದ ಹಾಸಿ, ಹಿಟ್ಟು ಕಂಡರೆ ತಿಳಿಸಿ ಎಂದು ಹೇಳಿ ಬಂದೆ.

ಜುಲೈನಲ್ಲಿ, ಜಡಿಮಳೆಯ ನಡುವೆ, ಸೊಸೆಯಿಂದ ಒಂದು ಫೋಟೊ ಬಂತು. ಕಪ್ಪು ಕಾಗದದ ಮೇಲೆ ಚಿಟಿಕೆಯಷ್ಟು ಬಿಳಿ ಹಿಟ್ಟು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ದಿನ ಬಿಟ್ಟು ಮಳೆಯಲ್ಲೇ ಹೋದೆ. ಸ್ವರೂಪವನ್ನು ಎತ್ತಿ ಹಾಸಿಗೆಯ ಮೇಲಿಟ್ಟು ಎಡಬದಿಯ ಸೆರಗಿನ ತೂತು ಒಂದೊಂದನ್ನೂ ನೋಡಿದೆ: ಎಲ್ಲವೂ ಹಳೆಯವು, ಅಂಚು ಕಪ್ಪಾಗಿದ್ದವು. ಕಾಗದ ಎತ್ತಿದೆ. ಅದರಲ್ಲಿ ಸೂಜಿ ಚುಚ್ಚಿದ ಹಾಗೆ ಎರಡು ತೂತು, ಅವುಗಳ ನೇರ ಕೆಳಗೆ ಹೊಸ ಪೀಠದಲ್ಲಿ ಬೆಳ್ಳನೆಯ ಎರಡು ತೂತು. ಹುಳು ಬಂದದ್ದು ಸಿಲ್ವರ್ ಓಕಿನಿಂದ, ಸರಿಯಾಗಿ ಒಣಗಿಸದ ಹಲಗೆಯಿಂದ.

ಮಗ ಮಾತಾಡದೆ ಪೀಠವನ್ನು ಎತ್ತಿಕೊಂಡು ಹೋಗಿ ನೀರೊಲೆಗೆ ತುರುಕಿದ. ಅಜ್ಜಿ ಒಳಗಿನಿಂದ ತಮ್ಮ ಮದುವೆಯ ಕಬ್ಬಿಣದ ಪೆಟ್ಟಿಗೆ ತರಿಸಿ, ಮೇಲೆ ಬಿಳಿ ಬಟ್ಟೆ ಹಾಸಿ, ಕ್ಯಾಥರೀನಳನ್ನು ಅದರ ಮೇಲೆ ನಿಲ್ಲಿಸಲು ಹೇಳಿದರು. ಜಪಮಾಲೆಯನ್ನು ಮುಷ್ಟಿಗೆ ಹಾಕುವ ಮುನ್ನ ಒಂದು ಕ್ಷಣ ತಡೆದು, ಅದನ್ನು ಅವಳ ಮಣಿಕಟ್ಟಿಗೆ ಸುತ್ತಿದರು. ಮುಷ್ಟಿಯ ತೂತನ್ನು ಖಾಲಿ ಬಿಟ್ಟರು.